ಒಟ್ಟು ಟ್ರೋಫಿಗಿಂತ ಒಗ್ಗದ ಅಂಕಣದ ಲೆಕ್ಕ ದೊಡ್ಡದು

ಪುರುಷರ ಟೆನಿಸ್ ಸಿಂಗಲ್ಸ್‌ನಲ್ಲಿ ಗೆದ್ದ ಗ್ರ್ಯಾನ್‌ಸ್ಲಾಂಗಳ ಲೆಕ್ಕ: ಜೊಕೊವಿಚ್ 24, ನಡಾಲ್ 22, ಫೆಡರರ್ 20. ಯಾರು ದೊಡ್ಡ ಆಟಗಾರ ಅನ್ನೋ ಚರ್ಚೆ ಬಂದಾಗಲೆಲ್ಲ ಈ ಮೂರು ಸಂಖ್ಯೆ ಹೇಳಿ ಮಾತು ಮುಗಿಸಿಬಿಡುತ್ತಾರೆ. ನನಗಿದು ಒಪ್ಪಿಗೆಯಿಲ್ಲ. ಗ್ರ್ಯಾನ್‌ಸ್ಲಾಂ ಅನ್ನೋ ನಾಲ್ಕು ದೊಡ್ಡ ಟೂರ್ನಿಗಳಲ್ಲಿ ಎರಡು (ಆಸ್ಟ್ರೇಲಿಯನ್ ಓಪನ್, ಯುಎಸ್ ಓಪನ್) ಹಾರ್ಡ್ ಕೋರ್ಟ್‌ನಲ್ಲೇ, ಅಂದರೆ ಗಟ್ಟಿ ನೆಲದ ಅಂಕಣದಲ್ಲೇ ನಡೆಯುತ್ತವೆ. ಮಣ್ಣಿಗೆ ಒಂದು (ಫ್ರೆಂಚ್ ಓಪನ್), ಹುಲ್ಲಿಗೆ ಒಂದು (ವಿಂಬಲ್ಡನ್). ಹಾರ್ಡ್ ಕೋರ್ಟ್ ಒಗ್ಗಿದವರಿಗೆ ವರ್ಷಕ್ಕೆ ಎರಡು ಅವಕಾಶ, ಉಳಿದವರಿಗೆ ಒಂದೇ. ಹಾಗಾಗಿ ತನಗೆ ಒಗ್ಗದ ಅಂಕಣದಲ್ಲಿ ಒಬ್ಬರು ಎಷ್ಟು ಗೆದ್ದರು ಅಂತ ಮೊದಲು ನೋಡಬೇಕು.

ಹಾಗೆ ನೋಡಿದರೆ ನಡಾಲ್‌ಗೆ ಹುಲ್ಲಿನಲ್ಲಿ 2, ಜೊಕೊವಿಚ್‌ಗೆ ಮಣ್ಣಿನಲ್ಲಿ 3, ಫೆಡರರ್‌ಗೆ ಮಣ್ಣಿನಲ್ಲಿ 2009ರ ಒಂದೇ ಒಂದು. 14 ಗ್ರ್ಯಾನ್‌ಸ್ಲಾಂ ಗೆದ್ದ ಅಮೆರಿಕದ ಪೀಟ್ ಸಾಂಪ್ರಾಸ್ ಫ್ರೆಂಚ್ ಓಪನ್ ಫೈನಲ್ ಕೂಡ ತಲುಪಲಿಲ್ಲ.

ಇದು ಬರೀ ಅಭ್ಯಾಸದ ಪ್ರಶ್ನೆಯಲ್ಲ. ಫ್ರೆಂಚ್ ಓಪನ್ ಅಂಕಣದ ಮೇಲಿರುವುದು ಒಂದೆರಡು ಮಿಲಿಮೀಟರ್ ಇಟ್ಟಿಗೆ ಪುಡಿ. ಚೆಂಡು ಅದಕ್ಕೆ ಉಜ್ಜಿಕೊಂಡು ವೇಗ ಕಳೆದುಕೊಳ್ಳುತ್ತದೆ, ಮೇಲಕ್ಕೆ ಪುಟಿಯುತ್ತದೆ. ವಿಂಬಲ್ಡನ್‌ನ 8 ಮಿ.ಮೀ. ಹುಲ್ಲಿನ ಮೇಲೆ ಅದೇ ಚೆಂಡು ಜಾರಿಕೊಂಡು ತಗ್ಗಾಗಿ ಬರುತ್ತದೆ. ನಡಾಲ್ ಎಡಗೈ ಫೋರ್‌ಹ್ಯಾಂಡ್‌ನಿಂದ ಟಾಪ್‌ಸ್ಪಿನ್ (ಚೆಂಡು ಮುಂದಕ್ಕೆ ಉರುಳುವಂಥ ತಿರುಗು) ಕೊಟ್ಟು ಫೆಡರರ್ ಬ್ಯಾಕ್‌ಹ್ಯಾಂಡ್‌ಗೆ ಹೊಡೆದಾಗ, ಮಣ್ಣಿನಲ್ಲಿ ಚೆಂಡು ಭುಜದೆತ್ತರಕ್ಕೆ ಏಳುತ್ತಿತ್ತು. ಒಂದೇ ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಆಡುವ ಫೆಡರರ್‌ಗೆ ಆ ಎತ್ತರದ ಚೆಂಡನ್ನು ಬಲವಾಗಿ ಹೊಡೆಯುವುದು ಕಷ್ಟ. ಉತ್ತರ ಗಿಡ್ಡವಾಗಿ ಬೀಳುತ್ತದೆ, ಮುಂದಿನ ಹೊಡೆತಕ್ಕೆ ಪಾಯಿಂಟ್ ಮುಗಿಯುತ್ತದೆ. ಹುಲ್ಲಿನಲ್ಲಿ ಆ ಚೆಂಡು ಸೊಂಟದ ಮಟ್ಟಕ್ಕೆ ಸಿಗುತ್ತದೆ. ಅಲ್ಲಿ ಫೆಡರರ್ ಬೇರೆಯೇ ಆಟಗಾರ.

ಕಾಲಿನ ಕೆಲಸವೂ ಬೇರೆ. ಮಣ್ಣಿನಲ್ಲಿ ಹೊಡೆತಕ್ಕೆ ಮುಂಚೆಯೇ ಜಾರಲು ಶುರುಮಾಡಬೇಕು, ಜಾರು ನಿಲ್ಲುವ ಹೊತ್ತಿಗೆ ಚೆಂಡು ರಾಕೆಟ್‌ಗೆ ಸಿಗಬೇಕು. ಹೊಡೆದ ಮೇಲೆ ಜಾರಿದರೆ ದೇಹ ಇನ್ನೊಂದೆರಡು ಹೆಜ್ಜೆ ಆಚೆ ಹೋಗಿ, ಈಚೆ ಮೂಲೆ ಪೂರ್ತಿ ಖಾಲಿ. ಹುಲ್ಲಿಗೆ ಮೊಣಕಾಲು ಬಗ್ಗಿಸಿ ಸಣ್ಣ ಸಣ್ಣ ಹೆಜ್ಜೆ ಇಡಬೇಕು. ಮೊದಲ ವಾರದ ಹಸಿ ಹುಲ್ಲಿನಲ್ಲಿ ಉದ್ದ ಹೆಜ್ಜೆ ಹಾಕಿದವರೇ ಜಾರಿ ಬೀಳುವುದು.

ಇಷ್ಟೆಲ್ಲ ಬದಲಾವಣೆಯನ್ನು ಸ್ವೀಡನ್‌ನ ಬೋರ್ಗ್ ಎರಡೇ ವಾರದ ಅಂತರದಲ್ಲಿ ಮಾಡಿಕೊಂಡು 1978, 79, 80ರಲ್ಲಿ ಸತತವಾಗಿ ಫ್ರೆಂಚ್ ಓಪನ್, ವಿಂಬಲ್ಡನ್ ಎರಡನ್ನೂ ಗೆದ್ದರು. (2015ರಿಂದ ಆ ಅಂತರ ಮೂರು ವಾರ.) ಆದರೆ ಯುಎಸ್ ಓಪನ್‌ನಲ್ಲಿ ನಾಲ್ಕು ಫೈನಲ್ ಆಡಿ ನಾಲ್ಕನ್ನೂ ಸೋತರು.

ಹಳೆಯ ದಾಖಲೆ ನೋಡುವಾಗ ಇನ್ನೊಂದು ಎಚ್ಚರ ಬೇಕು, ಅಂಕಣಗಳೇ ಬದಲಾಗಿವೆ. ಆಸ್ಟ್ರೇಲಿಯನ್ ಓಪನ್ 1987ರವರೆಗೆ ಹುಲ್ಲಿನ ಮೇಲೆ ನಡೆಯುತ್ತಿತ್ತು, ಯುಎಸ್ ಓಪನ್ 1975ರಿಂದ 77ರವರೆಗೆ ಮಣ್ಣಿನ ಮೇಲೆ. ಅಮೆರಿಕದ ಕಾನರ್ಸ್ ಈ ಯುಎಸ್ ಓಪನ್ ಟೂರ್ನಿಯನ್ನೇ ಹುಲ್ಲು, ಮಣ್ಣು, ಹಾರ್ಡ್ ಮೂರರಲ್ಲೂ ಗೆದ್ದರು. ಸ್ವೀಡನ್‌ನ ವಿಲಾಂಡರ್ ವಿಂಬಲ್ಡನ್ ಸಿಂಗಲ್ಸ್ ಗೆಲ್ಲದ ಕಾರಣಕ್ಕೆ ಅವರನ್ನು ಮರೆತೇಬಿಡುತ್ತೇವೆ. ಅವರ 1983, 84ರ ಆಸ್ಟ್ರೇಲಿಯನ್ ಓಪನ್ ಗೆಲುವು ಹುಲ್ಲಿನ ಮೇಲಿನದು. ಮೂರೂ ಬಗೆಯ ಅಂಕಣದಲ್ಲಿ ಕನಿಷ್ಠ ಎರಡೆರಡು ಗ್ರ್ಯಾನ್‌ಸ್ಲಾಂ ಇರುವ ಪುರುಷರು ವಿಲಾಂಡರ್, ನಡಾಲ್, ಜೊಕೊವಿಚ್, ಅಲ್ಕರಾಜ್ ಮಾತ್ರ.

ಮಹಿಳೆಯರ ಕಡೆ ನವ್ರಾಟಿಲೋವಾ ಗೆದ್ದ 18 ಸಿಂಗಲ್ಸ್ ಗ್ರ್ಯಾನ್‌ಸ್ಲಾಂಗಳಲ್ಲಿ 12 ಹುಲ್ಲಿನಲ್ಲೇ ಬಂದವು, ಎವರ್ಟ್ ಗೆದ್ದ 18ರಲ್ಲಿ 10 ಮಣ್ಣಿನಲ್ಲಿ. ಸ್ಟೆಫಿ ಗ್ರಾಫ್‌ಗೆ ಹಾರ್ಡ್ ಕೋರ್ಟ್‌ನಲ್ಲಿ 9, ಹುಲ್ಲಿನಲ್ಲಿ 7, ಮಣ್ಣಿನಲ್ಲಿ 6. ಅತಿ ಕಡಿಮೆ ಗೆದ್ದ ಅಂಕಣದಲ್ಲೂ ಆರು! ನನ್ನ ಪಟ್ಟಿಯಲ್ಲಿ ಅದಕ್ಕೇ ಅವರು ಎಲ್ಲರಿಗಿಂತ ಮೇಲೆ.