ಹೆಲ್ಮೆಟ್ ತೊಟ್ಟ ಮೇಷ್ಟ್ರು

2021ರ ಡಿಸೆಂಬರ್. ಅಮೆರಿಕದ ಸೌತ್ ಡಕೋಟಾ ರಾಜ್ಯದ ಸೂ ಫಾಲ್ಸ್ ಊರಲ್ಲಿ ಐಸ್ ಹಾಕಿ ಪಂದ್ಯ. ವಿರಾಮದ ಹೊತ್ತಿಗೆ ಅಂಕಣದ ನಡುವೆ ಕಾರ್ಪೆಟ್ ಹಾಸಿ, ಅದರ ಮೇಲೆ ಒಂದು ಡಾಲರಿನ ನೋಟುಗಳನ್ನು ರಾಶಿ ಸುರಿದರು, ಒಟ್ಟು 5,000. ಆಮೇಲೆ ಹತ್ತು ಜನರನ್ನು ಒಳಕ್ಕೆ ಬಿಟ್ಟರು. ಹತ್ತೂ ಮಂದಿ ಮಂಡಿಯೂರಿ, ಎರಡೂ ಕೈಯಲ್ಲಿ ನೋಟು ಬಾಚಿ ಅಂಗಿಯೊಳಕ್ಕೆ ತುರುಕಿಕೊಂಡರು. ಜನ ಕೇಕೆ ಹಾಕಿದರು. ಬಾಚಿದವರು ಆ ಭಾಗದ ಮೇಷ್ಟ್ರು, ಟೀಚರುಗಳು. ಅವರಿಗೆ ಕ್ಲಾಸಿಗೆ ಬೇಕಾದ ಸಾಮಾನು ಕೊಳ್ಳಬೇಕಿತ್ತು.

ತಲೆಗೆ ಹೆಲ್ಮೆಟ್ ಕೊಟ್ಟಿದ್ದರು, ಅದನ್ನು ಹೇಳಲೇಬೇಕು. ಶಿಕ್ಷಕರ ಸುರಕ್ಷತೆಯಲ್ಲಿ ರಾಜಿಯಿಲ್ಲ. ಮಾನದ ಅಳತೆಯ ಹೆಲ್ಮೆಟ್ ಮಾತ್ರ ಅಂಗಡಿಯಲ್ಲಿ ಸಿಕ್ಕಿರಲಿಕ್ಕಿಲ್ಲ.

ನಗಬೇಡಿ. ಅಲ್ಲಿನ ಶಾಲೆಗಳಿಗೆ ದುಡ್ಡು ಹಂಚುವ ವಿಧಾನಗಳಲ್ಲಿ ಅತ್ಯಂತ ಪಾರದರ್ಶಕವಾದದ್ದು ಇದೇ ಇರಬೇಕು. ಎಷ್ಟಿದೆ ಎಂಬುದು ಕಣ್ಣೆದುರಿಗೇ ಇರುತ್ತದೆ. ಸಮಿತಿಯಿಲ್ಲ, ಕಡತವಿಲ್ಲ. ಯಾರ ಬೆರಳು ಚುರುಕೋ ಅವರ ಕ್ಲಾಸಿಗೆ ಬಣ್ಣದ ಪೆನ್ಸಿಲ್ಲು.

ಮಾಮೂಲಿ ವಿಧಾನ ಇದಕ್ಕಿಂತ ಗಂಭೀರ. ಶಾಲಾ ಡಿಸ್ಟ್ರಿಕ್ಟಿನ, ಅಂದರೆ ಒಂದು ಪ್ರದೇಶದ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತದ, ಬೊಕ್ಕಸಕ್ಕೆ ದೊಡ್ಡದೊಂದು ಪಾಲು ಬರುವುದು ಸುತ್ತಲಿನ ಮನೆಗಳ ಆಸ್ತಿ ತೆರಿಗೆಯಿಂದ. ಪಕ್ಕದ ಬೀದಿಯಲ್ಲಿ ಬಂಗಲೆ ಎದ್ದರೆ ಶಾಲೆಯಲ್ಲಿ ಲ್ಯಾಬ್ ಏಳುತ್ತದೆ. ಟೆಕ್ಸಾಸಿನ ಸ್ಯಾನ್ ಆಂಟೋನಿಯೊ ನಗರದ ಲೆಕ್ಕ ನೋಡಿ, 1967-68ರದ್ದು. ಬಡವರ ಎಜ್‌ವುಡ್ ಡಿಸ್ಟ್ರಿಕ್ಟು ಆ ಪ್ರದೇಶದಲ್ಲೇ ಅತಿ ಹೆಚ್ಚಿನ ದರದಲ್ಲಿ ತೆರಿಗೆ ಕಟ್ಟಿಯೂ ಒಂದು ಮಗುವಿಗೆ ಒಟ್ಟುಹಾಕಿದ್ದು 26 ಡಾಲರ್. ಶ್ರೀಮಂತರ ಅಲಾಮೊ ಹೈಟ್ಸ್, ಕಡಿಮೆ ದರದಲ್ಲೇ, 333. ಎಜ್‌ವುಡ್‌ನ ಪೋಷಕರು ಕೋರ್ಟಿಗೆ ಹೋದರು. 1973ರಲ್ಲಿ ಸುಪ್ರೀಂ ಕೋರ್ಟ್ 5-4ರ ತೀರ್ಪು ಕೊಟ್ಟಿತು: ಶಿಕ್ಷಣವೇನೂ ಸಂವಿಧಾನ ಖಾತ್ರಿಪಡಿಸಿದ ಮೂಲಭೂತ ಹಕ್ಕಲ್ಲ. ಐದರಲ್ಲಿ ನಾಲ್ಕು ಕಳೆದರೆ ಎಷ್ಟೆಂದು ಎಜ್‌ವುಡ್‌ನ ಮಕ್ಕಳಿಗೆ ಅಂದಿನಿಂದ ಯಾರೂ ಹೇಳಿಕೊಡಬೇಕಾಗಲಿಲ್ಲ.

ಅಂದ ಹಾಗೆ, ಸೂ ಫಾಲ್ಸ್‌ನಲ್ಲಿ ಆ ನೋಟು ಕೊಟ್ಟದ್ದು ಮನೆ ಸಾಲದ ಕಂಪನಿ. ದುಡ್ಡು ಇಲ್ಲೂ ಮನೆಯ ಕಡೆಯಿಂದಲೇ ಬಂತು. ನಡುವೆ ತೆರಿಗೆಯವರಿಗೆ ತೊಂದರೆ ಕೊಡಲಿಲ್ಲ, ಅಷ್ಟೇ.

ಶಾಲೆಗೆ ದುಡ್ಡಿಲ್ಲದಾಗ ಶಾಲೆಯೇ ಸಾಹುಕಾರನಾಗುವುದೂ ಉಂಟು. 2019ರಲ್ಲಿ ಪೆನ್ಸಿಲ್ವೇನಿಯಾದ ಒಂದು ಡಿಸ್ಟ್ರಿಕ್ಟು ಮಕ್ಕಳ ಊಟದ ಬಾಕಿ ವಸೂಲಿಗೆ ಪೋಷಕರಿಗೆ ಪತ್ರ ಬರೆಯಿತು. ಕಟ್ಟದಿದ್ದರೆ ವಿಷಯ ಕೋರ್ಟಿಗೆ ಹೋಗಬಹುದು, ಮಗುವನ್ನು ನಿಮ್ಮಿಂದ ಬಿಡಿಸಿ ಬೇರೆಯವರ ಆಶ್ರಯಕ್ಕೆ ಕಳಿಸಲೂಬಹುದು ಎಂದು. ಒಟ್ಟು ಬಾಕಿ ಸುಮಾರು 22,000 ಡಾಲರ್. ಉದ್ಯಮಿಯೊಬ್ಬರು ಅಷ್ಟನ್ನೂ ತಾನೇ ಕಟ್ಟುತ್ತೇನೆಂದು ಮುಂದೆ ಬಂದರೆ, ಮಂಡಳಿಯ ಅಧ್ಯಕ್ಷರು ಮೊದಲು ಬೇಡವೆಂದುಬಿಟ್ಟರು! ದುಡ್ಡು ಬಂದರೆ ಬಾಕಿ ತೀರುತ್ತದೆ. ಬಾಕಿ ತೀರಿದರೆ ಬೆದರಿಸುವುದು ಯಾರನ್ನು? ಊರೆಲ್ಲ ಉಗಿದ ಮೇಲೆ ಕ್ಷಮೆ ಕೇಳಿ ತೆಗೆದುಕೊಂಡರು.

ಸೂ ಫಾಲ್ಸ್‌ನವರೂ ಕ್ಷಮೆ ಕೇಳಿದರು. ವಿಡಿಯೊ ಲೋಕವೆಲ್ಲ ಸುತ್ತಿ ಬಂದಿತ್ತಲ್ಲ. ಆಟಕ್ಕಿಳಿದ ಹತ್ತು ಜನಕ್ಕೆ ಮತ್ತೆ ತಲಾ 500 ಡಾಲರ್ ಘೋಷಿಸಿದರು. ಅರ್ಜಿ ಹಾಕಿಯೂ ಅವಕಾಶ ಸಿಗದೆ ಹೊರಗುಳಿದಿದ್ದ 21 ಮಂದಿಗೂ ತಲಾ 500. ಅಂದು ಮಂಡಿಯೂರಿದವರಲ್ಲಿ ಅತಿ ಕಡಿಮೆ ಬಾಚಿದ್ದವರ ಗಳಿಕೆ 378.