ಏಳು ಜನ್ಮಕ್ಕೆ ಏಳು ಎಲೆ

ನಮ್ಮ ದೊಡ್ಡಪ್ಪನವರು ಸಾವಿರ ಹುಣ್ಣಿಮೆ ಕಂಡ ಲೆಕ್ಕದಲ್ಲಿ ಯಾರಿಗೂ ತಕರಾರಿರಲಿಲ್ಲ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ ಸರಾಸರಿ ಇಪ್ಪತ್ತೊಂಬತ್ತೂವರೆ ದಿನ, ಸಾವಿರಕ್ಕೆ ಸುಮಾರು 29,530 ದಿನ, ಅಂದರೆ 80 ವರ್ಷ 10 ತಿಂಗಳು ಎಂದು ಪುರೋಹಿತರು ಬಾಯಿಲೆಕ್ಕದಲ್ಲೇ ಹೇಳಿ, ಜನವರಿ 24ಕ್ಕೆ ಶಾಂತಿಯ ದಿನವಿಟ್ಟರು. ಆ ದಿನ ಎಷ್ಟು ಎಲೆ ಹಾಕಬೇಕೆಂಬ ಲೆಕ್ಕ ಮಾತ್ರ ನನ್ನ ಪಾಲಿಗೆ ಬಂತು. ಕಂಪ್ಯೂಟರ್ ಬಲ್ಲವನೆಂಬ ಹೆಸರು ಒಮ್ಮೆ ಬಂದರೆ ಇಂಥ ಕೆಲಸಗಳು ಮನೆ ಹುಡುಕಿಕೊಂಡು ಬರುತ್ತವೆ.

ಯಾರ ಮನೆಯಿಂದ ಎಷ್ಟು ಜನ ಬರುತ್ತೀರೆಂದು ವಾಟ್ಸಾಪ್‌ನ ಕುಟುಂಬದ ಗುಂಪಿನಲ್ಲಿ ಕೇಳಿದ್ದೆ. ಒಂದು ತಿಂಗಳಲ್ಲಿ ಆರುನೂರು ಸಂದೇಶಗಳು ಬಂದವು. ಉತ್ತರಗಳೆಲ್ಲ ಅದರೊಳಗೇ ಇದ್ದವು. ಆದರೆ ಸುಪ್ರಭಾತದ ಚಿತ್ರಗಳು, ಮಂಡಿನೋವಿಗೆ ಮೆಂತ್ಯದ ಔಷಧಿ ಮತ್ತು ಕಳೆದುಹೋದ ಒಂದು ಸ್ಟೀಲ್ ಡಬ್ಬಿಯ ವಿಚಾರಣೆ, ಇವುಗಳ ನಡುವೆ ಹೂತುಹೋಗಿದ್ದವು. ಕುಳಿತು ಓದಿ ಬರೆದುಕೊಂಡಿದ್ದರೆ ಒಂದು ಗಂಟೆಯ ಕೆಲಸ. ನಾನು ಅದನ್ನು ಐದು ನಿಮಿಷದಲ್ಲಿ ಮುಗಿಸಹೊರಟು ಮೂರು ದಿನ ತೆಗೆದುಕೊಂಡೆ.

ಅಂತರ್ಜಾಲದಲ್ಲಿ ಪಠ್ಯವನ್ನು ಅಂಟಿಸಿ, ಬೇಕಾದ ಮಾದರಿಯನ್ನು ಬರೆದರೆ ಅದಕ್ಕೆ ಹೊಂದುವ ತುಣುಕುಗಳನ್ನೆಲ್ಲ ಹೆಕ್ಕಿ ಕೊಡುವ ಪುಟಗಳಿವೆ. ಮಾದರಿಯನ್ನು ಬರೆಯುವ ಈ ಸಂಕೇತಭಾಷೆಗೆ ರೆಗ್ಯುಲರ್ ಎಕ್ಸ್‌ಪ್ರೆಷನ್ ಎಂದು ಹೆಸರು. 1951ರಲ್ಲಿ ಸ್ಟೀಫನ್ ಕ್ಲೇನಿ ಎಂಬ ಅಮೆರಿಕದ ಗಣಿತಜ್ಞ ನರಜಾಲಗಳ ಕುರಿತು ಬರೆಯುತ್ತ ಇದರ ಬೀಜವನ್ನು ಬಿತ್ತಿದ. 1968ರಲ್ಲಿ ಕೆನ್ ಥಾಂಪ್ಸನ್ ಅದನ್ನು ಕಂಪ್ಯೂಟರಿನಲ್ಲಿ ಪದ ಹುಡುಕುವುದಕ್ಕೆ ಬಳಸುವ ದಾರಿ ತೋರಿಸಿದ. ನಮ್ಮ ಬಳಗದವರು ಸಂದೇಶ ಬರೆಯುವ ರೀತಿಯನ್ನು ಇಬ್ಬರೂ ಕಂಡಿರಲಿಲ್ಲ.

ಮೊದಲ ಪ್ರಯತ್ನದಲ್ಲಿ ಇರುವ ಅಂಕಿಗಳನ್ನೆಲ್ಲ ಹೆಕ್ಕೆಂದು ಹೇಳಿದೆ. ಅದು ಆಜ್ಞಾಪಾಲಕ, ಪ್ರತಿ ಸಂದೇಶದ ತಾರೀಖು, ಗಂಟೆ, ನಿಮಿಷ ಮತ್ತು ಬಂಧುಗಳು ಕೊಟ್ಟ ಮೊಬೈಲ್ ಸಂಖ್ಯೆಗಳನ್ನೂ ಹೆಕ್ಕಿ ಕೊಟ್ಟಿತು. ಒಂಬತ್ತರಿಂದ ಆರಂಭವಾಗುವ ಒಂದೇ ಒಂದು ಮೊಬೈಲ್ ಸಂಖ್ಯೆ ಒಂಬೈನೂರು ಕೋಟಿಯನ್ನು ಮೀರುತ್ತದೆ, ಅಂದರೆ ಭೂಮಿಯ ಮೇಲಿನ ಸಮಸ್ತ ಜನರನ್ನೂ ಊಟಕ್ಕೆ ಕರೆದರೂ ಒಬ್ಬ ಭಾವನ ಫೋನ್ ನಂಬರಿನಷ್ಟು ಎಲೆ ತುಂಬುವುದಿಲ್ಲ.

ಹಾಗಾಗಿ ಅಂಕಿಯ ಮುಂದೆ ‘ಜನ’ ಎಂಬ ಪದವಿದ್ದರೆ ಮಾತ್ರ ತೆಗೆದುಕೊಳ್ಳೆಂದು ತಿದ್ದಿದೆ: [0-9]+ ಜನ. ನೋಡಲು ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ಹೆಂಡತಿಯನ್ನು ಕರೆದು ತೋರಿಸಿದೆ. ಮೊತ್ತ 612 ಬಂತು. ಛತ್ರದ ಊಟದ ಮನೆಯಲ್ಲಿ ಒಂದು ಪಂಕ್ತಿಗೆ ನೂರು ಜನ ಕೂರಬಹುದಾದ್ದರಿಂದ ಏಳು ಪಂಕ್ತಿಯಾಗಬೇಕು, ಕೊನೆಯ ಪಂಕ್ತಿಯವರು ಸಂಜೆಯ ಕಾಫಿಯ ಹೊತ್ತಿಗೆ ಪಾಯಸ ಉಣ್ಣಬೇಕು. ಗಾಬರಿಯಿಂದ ಪಟ್ಟಿಯನ್ನು ಬಿಡಿಸಿ ನೋಡಿದರೆ, ಹದಿನೇಳು ಮನೆಗಳಿಂದ ಕರಾರುವಾಕ್ಕಾಗಿ ಇಪ್ಪತ್ತನಾಲ್ಕು ಇಪ್ಪತ್ತನಾಲ್ಕು ಜನ ಹೊರಟಿದ್ದರು. ಅವರಲ್ಲಿ ಒಬ್ಬರು ಒಂಟಿಯಾಗಿರುವ ನನ್ನ ಸೋದರಮಾವ. ಅವರ ಸಂದೇಶ ಹೀಗಿತ್ತು: ‘24 ಜನವರಿ ಬೆಳಗ್ಗೆ ನೇರ ಛತ್ರಕ್ಕೇ ಬರುತ್ತೇನೆ.’

‘ಜನವರಿ’ಯೊಳಗೆ ಜನರಿದ್ದಾರೆಂಬುದು ಐವತ್ತೈದು ವರ್ಷ ಕನ್ನಡ ಓದಿದ ನನ್ನ ಕಣ್ಣಿಗೆ ಅಂದಿನವರೆಗೆ ಬಿದ್ದಿರಲಿಲ್ಲ. ಹದಿನೇಳು ಜನವರಿಗಳೇ 408 ಎಲೆಗಳನ್ನು ಹಾಕಿಸಿಕೊಂಡಿದ್ದವು. ಉಳಿದದ್ದರಲ್ಲಿ ನಲವತ್ತು ಜನ ಭಾವನವರ ಹಳೆಯ ದೂರಿನಿಂದ ಬಂದಿದ್ದರು: 1994ರ ಮದುವೆಯೊಂದರಲ್ಲಿ ‘40 ಜನ ಉಣ್ಣದೆ ವಾಪಸು ಹೋದರು, ಈ ಸಲವಾದರೂ ನೋಡಿಕೊಳ್ಳಿ’ ಎಂದು ಅವರು ಎಚ್ಚರಿಸಿದ್ದರು. ಆ ನಲವತ್ತು ಮಂದಿ ಅಷ್ಟು ವರ್ಷದ ಹಸಿವು ಹೊತ್ತು ನನ್ನ ಪಟ್ಟಿಯಲ್ಲಿ ಕುಳಿತಿದ್ದರು. ‘ನಾವು 4 ಜನ ಬರಲಾಗುವುದಿಲ್ಲ’ ಎಂದು ಸಂಕಟದಿಂದ ಬರೆದವರಿಗೂ ನಾಲ್ಕು ಎಲೆ ಬಿದ್ದಿತ್ತು. ಇನ್ನು, ‘ನಿಮ್ಮಿಬ್ಬರ ಜೋಡಿ 7 ಜನ್ಮಕ್ಕೂ ಹೀಗೇ ಇರಲಿ’ ಎಂಬ ಹಾರೈಕೆಯಿಂದ ಏಳು ಜನ ಇಳಿದಿದ್ದರು. ಕಂಪ್ಯೂಟರಿನ ಮಟ್ಟಿಗೆ ‘ಜನ್ಮ’ವೆಂದರೆ ಜ, ನ, ‘ನ’ವನ್ನು ‘ನ್’ ಮಾಡುವ ವಿರಾಮ ಚಿಹ್ನೆ ಮತ್ತು ಮ, ಆದ್ದರಿಂದ ಅದರ ತಲೆಯಲ್ಲೂ ‘ಜನ’ವೇ ಇದೆ.

ಪದ ಅಲ್ಲಿಗೇ ಮುಗಿಯಬೇಕೆಂದು ಹೇಳಲು ಈ ಭಾಷೆಯಲ್ಲಿ ಪದದಂಚಿನ ಗುರುತೊಂದಿದೆ. ‘ಜನ’ದ ಮುಂದೆ ಅದನ್ನು ಹಾಕಿದೆ. ಮೊತ್ತ ಸೊನ್ನೆಯಾಯಿತು. 612ರಿಂದ ಸೊನ್ನೆಗೆ, ದೊಡ್ಡಪ್ಪನವರ ಶಾಂತಿಗೆ ಒಂದು ನರಪಿಳ್ಳೆಯೂ ಬರುವುದಿಲ್ಲವೆಂದು. ಅರ್ಧ ದಿನ ತಡಕಾಡಿದ ಮೇಲೆ ತಿಳಿದದ್ದೇನೆಂದರೆ, ಆ ಪುಟ ಬಳಸುತ್ತಿದ್ದ ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಪದವೆಂದರೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡಿಗೆರೆಗಳಿಂದಾದದ್ದು ಮಾತ್ರ. ಕನ್ನಡದ ಅಕ್ಷರಗಳು ಅದಕ್ಕೆ ಅಲ್ಪವಿರಾಮ, ಆಶ್ಚರ್ಯಚಿಹ್ನೆಗಳ ಜಾತಿಯವು. ಪದವೇ ಅಲ್ಲದ್ದಕ್ಕೆ ಅಂಚು ಎಲ್ಲಿಂದ ಬರಬೇಕು?

ಪುಟದ ಮೂಲೆಯಲ್ಲಿ ಪೈಥಾನ್ ಎಂಬ ಇನ್ನೊಂದು ಆಯ್ಕೆಯಿತ್ತು. ಅದನ್ನೊತ್ತಿದಾಗ ಜನವರಿಗಳು ಹದಿನೇಳೂ ಮಾಯವಾಗಿ ನನಗೆ ಕಣ್ಣೀರು ಬರುವುದೊಂದು ಬಾಕಿ. ಆದರೆ ಏಳು ಜನ್ಮ ಕದಲಲಿಲ್ಲ. ಪೈಥಾನ್ ಕನ್ನಡದ ಅಕ್ಷರವನ್ನು ಅಕ್ಷರವೆಂದು ಒಪ್ಪುತ್ತದಾದರೂ ವಿರಾಮ ಚಿಹ್ನೆಯನ್ನು ಅಕ್ಷರವೆಂದು ಒಪ್ಪುವುದಿಲ್ಲವಾದ್ದರಿಂದ, ‘ಜನ್ಮ’ದ ನಟ್ಟನಡುವೆ ಅದಕ್ಕೆ ಪದದಂಚು ಕಾಣುತ್ತದೆ. ಇದೇ ಏಟಿಗೆ, ವ್ಯಾಕರಣಶುದ್ಧವಾಗಿ ‘12 ಜನರು ಬರುತ್ತೇವೆ’ ಎಂದು ಬರೆದಿದ್ದ ಶಿವಮೊಗ್ಗದ ಸಂಸಾರ ಇಡಿಯಾಗಿ ಪಟ್ಟಿಯಿಂದ ಬಿದ್ದುಹೋಯಿತು. ಲಾಭವೆಂದರೆ, ಪೈಥಾನ್‌ನಲ್ಲಿ ಅಂಕಿಯ ಗುರುತನ್ನು ಬಳಸಿದರೆ ಅದು ಕನ್ನಡದ ಅಂಕಿಗಳನ್ನೂ ಹಿಡಿಯುತ್ತದೆ; ನಿವೃತ್ತ ಕನ್ನಡ ಮೇಷ್ಟ್ರಾದ ಚಿಕ್ಕಪ್ಪ ಹಠದಿಂದ ಬರೆದಿದ್ದ ‘೬ ಜನ’ ಅಲ್ಲಿಯವರೆಗೆ ಲೆಕ್ಕಕ್ಕೇ ಬಂದಿರಲಿಲ್ಲ, ಈಗ ಬಂದರು. ಮೊತ್ತ 198.

ಧಾರವಾಡದ ಅತ್ತೆ ‘ಜನ’ ಎನ್ನುವುದಿಲ್ಲ, ‘ಮಂದಿ’ ಎನ್ನುತ್ತಾರೆಂದು ನೆನಪಾಗಿ ಅದನ್ನೂ ಸೇರಿಸಿದೆ. ಅವರ ‘5 ಮಂದಿ’ ಕಣ್ಣೆದುರೇ ಇದ್ದರೂ ಯಂತ್ರಕ್ಕೆ ಸಿಗಲಿಲ್ಲ. ಕನ್ನಡಕ ತೆಗೆದು, ಪರದೆಗೆ ಮೂಗು ತಾಗಿಸಿ ನೋಡಿದೆ. ಅಕ್ಷರ ಅಕ್ಷರವೂ ಸರಿಯಿತ್ತು. ರಾತ್ರಿ ಮಗ ಬಂದು ಬಿಡಿಸಿ ಹೇಳಿದ: ಅತ್ತೆಯ ಮಂದಿಯಲ್ಲಿದ್ದದ್ದು ಅನುಸ್ವಾರವಲ್ಲ, ಕನ್ನಡದ ಸೊನ್ನೆ. ನಮಗೆ ಎರಡೂ ಒಂದೇ ದುಂಡಗೆ. ಯಂತ್ರಕ್ಕೆ ಅದು ಮ, ಪೂಜ್ಯ, ದಿ. ಹಾಗೆ ಹೇಳಿದವನು ಅಲ್ಲಿಗೆ ಸುಮ್ಮನಾಗದೆ, ನೂರ ನಲವತ್ತು ಬಂಧುಗಳ ಫೋನ್ ನಂಬರುಗಳನ್ನು ಯಾವುದೋ ಊರುಕೇರಿ ತಿಳಿಯದ ಪುಟಕ್ಕೆ ಅಂಟಿಸಿದ್ದೀರಲ್ಲ, ಅದು ನಿಮ್ಮ ಕಂಪ್ಯೂಟರಿನೊಳಗೇ ಕೆಲಸ ಮಾಡುತ್ತದೋ ಎಲ್ಲಿಗಾದರೂ ಕಳಿಸುತ್ತದೋ ನೋಡಿದಿರಾ ಎಂದು ಕೇಳಿದ. ನೋಡಿರಲಿಲ್ಲ. ಆ ವಾರ ಸೋದರಮಾವನಿಗೆ ಸಾಲ ಬೇಕೇ ಎಂದು ಯಾರೋ ಕರೆ ಮಾಡಿದಾಗಲೆಲ್ಲ ನನ್ನ ಎದೆ ಹೊಡೆದುಕೊಂಡಿತು. ಆ ಕರೆಗಳು ಮೊದಲೂ ಬರುತ್ತಿದ್ದವೆಂದು ಅವರೇ ಹೇಳಿದ ಮೇಲೆ ಊಟ ಸೇರಿತು.

ಇಷ್ಟರಲ್ಲಿ ‘ಇಬ್ಬರು’, ‘ಮೂವರು’, ‘ನಾಲ್ವರು’ ಎಂದು ಬರೆದ ಮನೆಗಳು ಯಾವ ಬಲೆಗೂ ಬಿದ್ದಿಲ್ಲವೆಂಬುದು ಹೊಳೆಯಿತು. ಮನುಷ್ಯರನ್ನು ಎಣಿಸಲು ಕನ್ನಡದಲ್ಲಿ ಬೇರೆಯೇ ಪದಗಳಿವೆ, ಅಲ್ಲಿ ಅಂಕಿಯೂ ಬೇಡ, ‘ಜನ’ವೂ ಬೇಡ. ಅವನ್ನೂ ಮಾದರಿಗೆ ಸೇರಿಸುತ್ತ ಹೋದಂತೆ ಅದು ಉದ್ದವಾಗಿ ಎರಡು ಸಾಲು ದಾಟಿತು, ಮತ್ತು ನಾನು ಬರೆದದ್ದು ನನಗೇ ಅರ್ಥವಾಗದ ಸ್ಥಿತಿ ಬಂತು.

ಮೂರನೆಯ ದಿನ ಮಧ್ಯಾಹ್ನ ನಮ್ಮ ಸೋದರತ್ತೆ ಬಂದವರು, ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಮಗುಚಿಕೊಂಡು, ಫೋನ್ ಮುಟ್ಟದೆ, ಬಾಯಲ್ಲಿ ಮನೆಗಳ ಹೆಸರು ಹೇಳುತ್ತ ಪೆನ್ಸಿಲ್ಲಿನಲ್ಲಿ ಗೀಟು ಎಳೆಯತೊಡಗಿದರು. “ಅವನು ಬರಲ್ಲ ಅಂತ ಬರೆದಿದಾನೆ, ಆದ್ರೆ ಬರ್ತಾನೆ. ಇವಳು ಆರು ಅಂದಿದಾಳೆ, ಸೊಸೆಗೂ ಅವಳಿಗೂ ಮಾತಿಲ್ಲ, ನಾಲ್ಕು ಹಾಕು.” ಇಪ್ಪತ್ತು ನಿಮಿಷದಲ್ಲಿ 228 ಎಂದು ಬರೆದು ಕೆಳಗೆ ಗೆರೆ ಎಳೆದರು.

ನಾನು ಅಡುಗೆ ಭಟ್ಟರಿಗೆ ಫೋನ್ ಮಾಡಿ, ಲೆಕ್ಕ ನನ್ನದೇ ಎಂಬ ಧಾಟಿಯಲ್ಲಿ 228 ಎಂದೆ.

“ಅದ್ರಲ್ಲಿ ವಾಲಗದೋರು, ಪುರೋಹಿತರು, ವಿಡಿಯೋದೋರು, ಡ್ರೈವರ್‌ಗಳು ಎಲ್ಲಾ ಸೇರಿದ್ರಾ ಸ್ವಾಮಿ?” ಎಂದು ಭಟ್ಟರು ಕೇಳಿದರು.

ಅವರಲ್ಲಿ ಒಬ್ಬರೂ ನಮ್ಮ ಗುಂಪಿನಲ್ಲಿಲ್ಲ. ಫೋನಿಗೆ ಅಂಗೈ ಅಡ್ಡ ಹಿಡಿದು, ಅತ್ತೆಯ ಕಡೆ ತಿರುಗಿ, ಪೆನ್ಸಿಲ್ ಕೊಡಿ ಎಂದೆ.