ಮೆಥಡೋನ್ ಬಗ್ಗೆ ಓಡಾಡುತ್ತಿರುವ ಸಂದೇಶಕ್ಕೊಂದು ಸ್ಪಷ್ಟನೆ

"ಹೆರಾಯಿನ್ ಬಿಡಿಸೋಕೆ ಮೆಥಡೋನ್ ಕೊಡೋದು ಅಂದ್ರೆ ಒಂದು ನಶೆ ಬದಲು ಇನ್ನೊಂದು ನಶೆ. ಎರಡು ವಾರದಲ್ಲಿ ನಿಲ್ಲಿಸಿಬಿಡಿ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ದಯವಿಟ್ಟು ನಂಬಬೇಡಿ.

ಮೆಥಡೋನ್ ಕೂಡ ಹೆರಾಯಿನ್‌ನಂತೆ ಓಪಿಯಾಯ್ಡ್ (ಅಫೀಮಿನ ಹಾಗೆ ಕೆಲಸ ಮಾಡುವ ಪದಾರ್ಥಗಳು) ಗುಂಪಿನದೇ, ನಿಜ. ದೇಹ ಅದಕ್ಕೆ ಒಗ್ಗಿಕೊಳ್ಳುತ್ತದೆ, ಅದೂ ನಿಜ. ಆದರೆ ಚುಚ್ಚಿಕೊಂಡ ಹೆರಾಯಿನ್ ತಕ್ಷಣ ತಲೆಗೇರಿ ಕೆಲವೇ ಗಂಟೆಯಲ್ಲಿ ಇಳಿಯುತ್ತದೆ. ಆಮೇಲೆ ಮೈಕೈ ನೋವು, ಬೆವರು, ವಾಂತಿ. ಮತ್ತೆ ಹುಡುಕಾಟ. ಬಾಯಿಂದ ಕುಡಿಯುವ ಮೆಥಡೋನ್ ನಿಧಾನವಾಗಿ ಏರಿ ಸುಮಾರು ಒಂದು ದಿನ ಹಿಡಿದಿಡುತ್ತದೆ. ಡೋಸ್ ಸರಿಯಾಗಿ ಕೂತರೆ ಅಮಲೂ ಇಲ್ಲ, ಆ ಸಂಕಟವೂ ಇಲ್ಲ. 1960ರ ದಶಕದಲ್ಲೇ ನ್ಯೂಯಾರ್ಕ್‌ನಲ್ಲಿ ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ ಎಂಬ ವೈದ್ಯರು ಇದನ್ನು ತೋರಿಸಿಕೊಟ್ಟರು. 2005ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಸುಮ್ನೆ ಬಾಟಲಿ ಕೈಗಿಟ್ಟು ಕಳಿಸುವುದೂ ಇಲ್ಲ. ಶುರುವಿನಲ್ಲಿ ಸಾಮಾನ್ಯವಾಗಿ ದಿನಾ ಚಿಕಿತ್ಸಾ ಕೇಂದ್ರಕ್ಕೆ ಹೋಗಬೇಕು. ಚಿಕ್ಕ ಕಪ್‌ನಲ್ಲಿ ಅಳೆದು ಕೊಟ್ಟದ್ದನ್ನು ನರ್ಸ್ ಎದುರಿಗೇ ಕುಡಿಯಬೇಕು.

ಎರಡು ವಾರದ ಮಾತಂತೂ ತುಂಬಾ ಅಪಾಯದ್ದು. ಈ ಚಿಕಿತ್ಸೆ ತಿಂಗಳುಗಟ್ಟಲೆ, ಎಷ್ಟೋ ಸಲ ವರ್ಷಗಟ್ಟಲೆ ನಡೆಯುತ್ತದೆ. ಅರ್ಧಕ್ಕೆ ಬಿಟ್ಟವರಲ್ಲಿ ಹೆರಾಯಿನ್‌ನಂಥದ್ದನ್ನು ದೇಹ ತಾಳಿಕೊಳ್ಳುವ ಶಕ್ತಿ ಕುಗ್ಗಿರುತ್ತದೆ. ಅಂಥವರು ಮತ್ತೆ ಹಳೆ ಪ್ರಮಾಣದಲ್ಲೇ ಹೆರಾಯಿನ್ ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು.

ಎಚ್ಚರ ಬೇಕಾದದ್ದು ಬೇರೆ ಕಡೆ: ಮೆಥಡೋನ್ ಜೊತೆ ಮದ್ಯ, ನಿದ್ದೆ ಮಾತ್ರೆ ಬೇಡವೇ ಬೇಡ. ಮಕ್ಕಳ ಕೈಗೂ ಸಿಗಬಾರದು. ನಮ್ಮ ದೇಶದಲ್ಲಿ ಇದೇ ಕೆಲಸಕ್ಕೆ ನಾಲಿಗೆ ಕೆಳಗಿಡುವ ಬ್ಯುಪ್ರೆನಾರ್ಫಿನ್ ಮಾತ್ರೆಯ ಬಳಕೆ ಜಾಸ್ತಿ. ಅದನ್ನೂ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.